ಬಳ್ಳಾರಿ ಜೀನ್ಸ್: ಹೊಲಿಗೆಯನ್ನು ಜಾಬ್ ವರ್ಕಿಗೆ ಕೊಡುವ ಬಗೆ

ಬಳ್ಳಾರಿಯ ಜೀನ್ಸ್ ಧಂದೆಯಲ್ಲಿ ಥಾನು (ಬಟ್ಟೆಯ ಸುರುಳಿ) ಬಿಚ್ಚುವುದರಿಂದ ಹಿಡಿದು ಪ್ಯಾಕಿಂಗ್‌ವರೆಗೆ ಎಲ್ಲವನ್ನೂ ಒಂದೇ ಸೂರಿನಡಿ ಮಾಡುವವರು ಕಡಿಮೆ. ಡೆನಿಮ್ ಅಹಮದಾಬಾದ್ ಕಡೆಯಿಂದ ಬರುತ್ತದೆ. ಕಟಿಂಗ್ ಒಬ್ಬರಲ್ಲಿ, ಹೊಲಿಗೆ ಕೌಲ್ ಬಜಾರಿನ ಹತ್ತು ಮಷಿನ್ನಿನ ಶೆಡ್ಡಿನಲ್ಲಿ, ವಾಷಿಂಗ್ ಇನ್ನೊಂದು ಕಡೆ, ದಾರ ಕತ್ತರಿಸುವುದು ಮತ್ತೆಲ್ಲೋ. ನಮ್ಮ ಯೂನಿಟ್ಟಿನಲ್ಲಿ ಮೊದಲು ಹೊಲಿಗೆಯೂ ಒಳಗೇ ಇತ್ತು. ಈಗ ಕಟಿಂಗ್, ಚೆಕಿಂಗ್, ಪ್ಯಾಕಿಂಗ್ ಮಾತ್ರ ಒಳಗೆ. ಹೊಲಿಗೆ, ವಾಷಿಂಗ್ ಎರಡೂ ಹೊರಗೆ. ಹೀಗೆ ನಮ್ಮ ಮಾಲನ್ನು ಹೊರಗಿನ ಯೂನಿಟ್ಟಿಗೆ ಕೊಟ್ಟು ದರಕ್ಕೆ ಮಾಡಿಸುವುದೇ ಜಾಬ್ ವರ್ಕ್. ಹಾಗೆ ಬದಲಾಯಿಸುವಾಗ ಹಾಕಬೇಕಾದ ಲೆಕ್ಕ, ಇಡಬೇಕಾದ ಕಾಗದ, ಬೀಳುವ ತೊಡಕು ಇಲ್ಲಿವೆ.

ಮೊದಲು ದುಡ್ಡಿನ ಮಾತು. ತಿಂಗಳಿಗೆ 15,000 ರೂಪಾಯಿ ಸಂಬಳದ ಟೇಲರ್ ಒಬ್ಬನನ್ನು ರೋಲಿನ ಮೇಲೆ ಇಟ್ಟರೆ ಯಜಮಾನನ ಪಾಲಿನ ಪಿಎಫ್ ಶೇ 12, ಅದರ ಜೊತೆ ವಿಮೆ ಮತ್ತು ಆಡಳಿತ ವೆಚ್ಚ ಶೇ ಅರ್ಧರ್ಧ. ಒಟ್ಟು ಶೇ 13, ಅಂದರೆ 1,950. ಇಎಸ್‌ಐ (ಕಾರ್ಮಿಕರ ವೈದ್ಯಕೀಯ ವಿಮೆ) ಶೇ 3.25, ಅಂದರೆ ಸುಮಾರು 488. ಕನಿಷ್ಠ ಬೋನಸ್ ಶೇ 8.33ರಂತೆ 1,250. ವರ್ಷಕ್ಕೆ 15 ದಿನದ ಲೆಕ್ಕದ ಗ್ರಾಚ್ಯುಟಿಯನ್ನು ತಿಂಗಳಿಗೆ ಹಂಚಿದರೆ 721. ಎಲ್ಲ ಕೂಡಿದರೆ 4,400ರ ಆಸುಪಾಸು. ರಜೆ ಸಂಬಳ, ಮಷಿನ್, ಸೂಜಿ, ಕರೆಂಟು, ಬಾಡಿಗೆ ಇನ್ನೂ ಸೇರಿಲ್ಲ. ಹೊರಗಿನ ಯೂನಿಟ್ಟಿನವನು ನಿಮ್ಮ ಒಳಗಿನ ಖರ್ಚಿಗಿಂತ ತೀರಾ ಕಡಿಮೆಗೆ ಹೊಲಿದು ಕೊಡುತ್ತೇನೆ ಅಂದರೆ ಖುಷಿಪಡುವ ಮೊದಲು, ಅವನು ಆ ದುಡ್ಡನ್ನು ಎಲ್ಲಿಂದ ತೆಗೆಯುತ್ತಾನೆ ಎಂದು ಯೋಚಿಸಬೇಕು. ತನ್ನ ಟೇಲರ್‌ಗಳ ಕೂಲಿಯಲ್ಲಿ ತೆಗೆಯುತ್ತಾನೆ, ಇಲ್ಲವೇ ನಿಮ್ಮ ದಾರದಲ್ಲಿ. ಜಾಬ್ ವರ್ಕಿನಲ್ಲಿ ನಿಜವಾಗಿ ಉಳಿಯುವುದು ಪಿಎಫ್ ದುಡ್ಡಲ್ಲ, ಖಾಲಿ ಕೂತ ದಿನಗಳ ಸಂಬಳ. ದಸರಾ, ದೀಪಾವಳಿ, ರಂಜಾನ್ ಮುಂದೆ ಮಾಲಿಗೆ ಎಳೆದಾಟ, ಆಮೇಲೆ ವಾರಗಟ್ಟಲೆ ಮಷಿನ್ ಮೇಲೆ ಧೂಳು. ವರ್ಷವಿಡೀ ಒಂದೇ ಸಮನೆ ಆರ್ಡರ್ ಇರುವವರಿಗೆ ಹೊರಗೆ ಕೊಡುವುದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ.

ಇನ್ನು ಕಾನೂನು. ಇಲ್ಲಿ ಬಹಳ ಮಂದಿ ಮಾಡುವುದು ಒಂದೇ: ಒಳಗಿದ್ದ ಟೇಲರ್‌ಗಳ ಕೈಯಲ್ಲೇ ‘ನಾನು ಗುತ್ತಿಗೆದಾರ’ ಎಂದು ಸ್ಟ್ಯಾಂಪ್ ಕಾಗದದ ಮೇಲೆ ಸಹಿ ಹಾಕಿಸಿ, ಅದೇ ಮಷಿನ್ನಿನ ಮುಂದೆ, ಅದೇ ಹೊತ್ತಿಗೆ ಕೂರಿಸುವುದು. ಈ ಕಾಗದ ನಿಲ್ಲುವುದಿಲ್ಲ. ಸಿಲ್ವರ್ ಜ್ಯೂಬಿಲಿ ಟೇಲರಿಂಗ್ ಹೌಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1973ರಲ್ಲೇ ಇದನ್ನು ತೀರ್ಮಾನಿಸಿದೆ. ಅಲ್ಲಿಯ ಟೇಲರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ, ಬರುವ ಹೋಗುವ ಹೊತ್ತು ಅವರಿಷ್ಟ, ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು, ಬೇರೆ ಅಂಗಡಿಯ ಕೆಲಸವನ್ನೂ ಹಿಡಿಯಬಹುದಿತ್ತು. ಆದರೂ ಅವರು ನೌಕರರೇ ಎಂದಿತು ಕೋರ್ಟು. ಹೆಚ್ಚುಕಡಿಮೆ ಎಲ್ಲ ಮಷಿನ್ ಅಂಗಡಿಯವು, ಕೆಲಸ ನಡೆಯುವ ಜಾಗ ಅಂಗಡಿಯದು, ಹೊಲಿಗೆ ಸರಿಯಿಲ್ಲದಿದ್ದರೆ ತಿರಸ್ಕರಿಸಿ ಮತ್ತೆ ಹೊಲಿ ಎನ್ನುವ ಅಧಿಕಾರ ಅಂಗಡಿಯವನದು ಎಂಬುದು ಅದಕ್ಕೆ ಕಾರಣ. ಪೀಸ್ ರೇಟ್ ಕೊಟ್ಟ ಮಾತ್ರಕ್ಕೆ ಯಾರೂ ಗುತ್ತಿಗೆದಾರರಾಗುವುದಿಲ್ಲ. ಇದನ್ನು ನಮ್ಮೂರಿನಲ್ಲಿ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾಗಾಗಿ ಒಬ್ಬೊಬ್ಬ ಟೇಲರ್ ಜೊತೆ ಗುತ್ತಿಗೆ ಮಾಡಿಕೊಳ್ಳುವ ಗೋಜಿಗೆ ಹೋಗಬಾರದು ಎಂಬುದು ನಮ್ಮ ಅಭಿಪ್ರಾಯ. ಗುತ್ತಿಗೆ ಯೂನಿಟ್ಟಿನ ಜೊತೆ ಆಗಬೇಕು. ಆ ಯೂನಿಟ್ಟಿಗೆ ತನ್ನ ಶೆಡ್ಡು, ತನ್ನ ಹೆಸರಿನ ಜೆಸ್ಕಾಂ ಮೀಟರು, ತನ್ನ ಮಷಿನ್ನು, ತನ್ನ ಟೇಲರ್‌ಗಳು, ನಿಮ್ಮನ್ನು ಬಿಟ್ಟು ಇನ್ನೂ ಒಂದಿಬ್ಬರು ಗಿರಾಕಿಗಳು ಇರಬೇಕು. ಯಾರನ್ನು ಎಷ್ಟು ಹೊತ್ತಿಗೆ ಕೂರಿಸಬೇಕು, ಯಾವ ಮಷಿನ್ನಿಗೆ ಯಾರು ಎಂಬುದು ಅವರ ತಲೆನೋವು. ಕೆಟ್ಟ ಹೊಲಿಗೆಯನ್ನು ತಮ್ಮ ಖರ್ಚಿನಲ್ಲಿ ಬಿಚ್ಚಿ ಹೊಲಿಯುವ ನಷ್ಟವೂ ಅವರದೇ. ಲಾಭ ನಷ್ಟ ಎರಡಕ್ಕೂ ಬಾಧ್ಯನಾದವನೇ ಗುತ್ತಿಗೆದಾರ.

ಯೂನಿಟ್ ನೋಡಲು ಹೋದಾಗ ಕೇಳಬೇಕಾದ್ದು ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ), ಜಿಎಸ್‌ಟಿ ನಂಬರು (ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿ ಕಡ್ಡಾಯವಿಲ್ಲ, ಹಾಗೆಂದು ಒಂದು ಬರಹದ ಹೇಳಿಕೆ), ಕರೆಂಟ್ ಬಿಲ್ಲಿನ ನಕಲು. ಹತ್ತು ಅಥವಾ ಹೆಚ್ಚು ಜನರಿದ್ದರೆ ಅವರ ಇಎಸ್‌ಐ ಕೋಡು, ಇಪ್ಪತ್ತು ಮುಟ್ಟಿದ್ದರೆ ಪಿಎಫ್ ಕೋಡು. ಆಮೇಲೆ ಮಷಿನ್ ಎಣಿಸಿ. ಜೀನ್ಸ್ ಪೂರ್ತಿ ಹೊಲಿಯಲು ಸಿಂಗಲ್ ನೀಡಲ್ ಮಾತ್ರ ಸಾಲದು. ಡಬಲ್ ನೀಡಲ್, ಓವರ್‌ಲಾಕ್, ಕಾಲಿನ ಹೊಲಿಗೆಗೆ ಫೀಡ್ ಆಫ್ ದಿ ಆರ್ಮ್, ಬೆಲ್ಟ್ ಕೂರಿಸಲು ಕಾನ್ಸಾಯ್, ಜೇಬು ಲೂಪಿನ ತುದಿ ಬಿಗಿಯಲು ಬಾರ್‌ಟ್ಯಾಕ್, ಗುಂಡಿ ತೂತಿಗೆ ಕಾಜಾ ಮಷಿನ್ ಬೇಕು. ಬಾರ್‌ಟ್ಯಾಕ್ ಅಥವಾ ಕಾಜಾ ಇಲ್ಲದ ಯೂನಿಟ್ಟಿನಿಂದ ಮಾಲು ಮೂರನೆಯವರ ಬಳಿಗೆ ಹೋಗುತ್ತದೆ, ಅಲ್ಲೇ ಎರಡು ದಿನ, ಹತ್ತಾರು ಪೀಸು ಮಾಯ. ಶೆಡ್ಡಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಕೂತು ಕೆಲಸ ಮಾಡುವುದು ಕಂಡರೆ ಅಲ್ಲಿಂದಲೇ ತಿರುಗಿ ಬನ್ನಿ. 14ರೊಳಗಿನವರಿಂದ ಕೆಲಸ ಮಾಡಿಸುವುದು ಅಪರಾಧ, ನಿಮ್ಮ ಲೇಬಲ್ ಅಲ್ಲಿ ಬಿದ್ದಿರುತ್ತದೆ.

ನಿಮ್ಮ ಹಳೇ ಮಷಿನ್ನುಗಳನ್ನು ಅವರಿಗೆ ಕೊಡುವ ಯೋಚನೆಯಿದ್ದರೆ ಮಾರಿಬಿಡಿ, ಸುಮ್ಮನೆ ಕೊಟ್ಟು ಇಡಬೇಡಿ. ಕೊಟ್ಟಿದ್ದರೆ ಅದಕ್ಕೂ ಚಲನ್ (ಮಾಲು ಕಳಿಸುವ ಚೀಟಿ) ಬೇಕು, ಮೂರು ವರ್ಷದೊಳಗೆ ವಾಪಸ್ ತರಬೇಕು. ಅದಕ್ಕಿಂತ ಮುಖ್ಯವಾಗಿ, ಮಷಿನ್ ಯಾರದು ಎಂಬ ಪ್ರಶ್ನೆ ಬಂದಾಗ ಉತ್ತರ ನಿಮ್ಮ ವಿರುದ್ಧ ಹೋಗುತ್ತದೆ. ತಮ್ಮನ ಹೆಸರಿನಲ್ಲಿ ಪಕ್ಕದ ಶೆಡ್ಡಿನಲ್ಲಿ ಇನ್ನೊಂದು ಯೂನಿಟ್ ತೆರೆದು ಎರಡರಲ್ಲೂ ಇಪ್ಪತ್ತರೊಳಗೆ ಜನ ಇಡುವ ಉಪಾಯವೂ ಹಳೆಯದೇ. ಒಡೆತನ, ಲೆಕ್ಕ, ಕೆಲಸ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಪಿಎಫ್‌ನವರು ಎರಡನ್ನೂ ಒಂದೇ ಸಂಸ್ಥೆ ಎಂದು ಕೂಡಿಸಿ ಹಿಂದಿನ ಬಾಕಿಯನ್ನೂ ಕೇಳುತ್ತಾರೆ.

ಕರಾರು ಒಮ್ಮೆ ಆದರೆ ಸಾಕು, ಆದರೆ ಲಾಟಿಗೊಂದು (ಒಮ್ಮೆಗೆ ಕೊಡುವ ಮಾಲಿಗೊಂದು) ವರ್ಕ್ ಆರ್ಡರ್ ಬೇಕು. ಅದರಲ್ಲಿ ಲಾಟ್ ನಂಬರು, ಸೈಜುವಾರು ಪೀಸು, ದರ, ಮುಗಿಸಿ ಕೊಡುವ ದಿನ, ಇಂಚಿಗೆ ಎಷ್ಟು ಹೊಲಿಗೆ, ದಾರ ಯಾರದು, ತೊಳೆಯುವ ಮೊದಲು ಇರಬೇಕಾದ ಸೊಂಟ ಮತ್ತು ಉದ್ದದ ಅಳತೆ, ರಿಪೇರಿ ಯಾರ ಖರ್ಚು, ಕಳೆದುಹೋದ ಪೀಸಿಗೆ ಎಷ್ಟು ಕಡಿತ ಇಷ್ಟೂ ಇರಲಿ. ಇಂಚಿಗೆ 8ರಿಂದ 9 ಹೊಲಿಗೆ ಎಂದು ಬರೆಯದೆ ಬಿಟ್ಟರೆ 6ಕ್ಕೆ ಇಳಿಯುತ್ತದೆ, ಏಕೆಂದರೆ ಪೀಸ್ ಲೆಕ್ಕದಲ್ಲಿ ಹೊಲಿಯುವವನಿಗೆ ಉದ್ದ ಹೊಲಿಗೆಯೇ ಲಾಭ. ಕೆಲಸದ ವೇಳೆ, ಹಾಜರಿ, ‘ನಮ್ಮ ಸೂಪರ್‌ವೈಸರ್ ಹೇಳಿದಂತೆ’ ಇಂಥ ಮಾತು ಕರಾರಿನಲ್ಲಿ ನುಸುಳಬಾರದು. ನಿಮಗೆ ಬೇಕಾದ ಅಳತೆ, ಗುಣಮಟ್ಟ ಹೇಳುವ ಹಕ್ಕು ನಿಮಗುಂಟು. ಅದನ್ನು ಹೇಗೆ ಹೊಲಿಯುತ್ತಾರೆ ಎನ್ನುವುದು ಅವರಿಗೆ ಬಿಟ್ಟಿದ್ದು.

ಮಾಲು ಕಳಿಸುವುದು ಡೆಲಿವರಿ ಚಲನ್ ಮೇಲೆ, ಟ್ಯಾಕ್ಸ್ ಇನ್‌ವಾಯ್ಸ್ ಮೇಲಲ್ಲ. ಚಲನ್ ಮೂರು ಪ್ರತಿ: ಒಂದು ತೆಗೆದುಕೊಳ್ಳುವವರಿಗೆ, ಒಂದು ಗಾಡಿಯವನಿಗೆ, ಒಂದು ನಿಮಗೆ. ಕತ್ತರಿಸಿದ ಬಟ್ಟೆಯ ವಿವರ, ಎಣಿಕೆ, ಮೌಲ್ಯ, ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗ ತಿಳಿಸುವ ನಂಬರು) ಇರಬೇಕು. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ತೆರಿಗೆ ಕಟ್ಟದೆ ಹೀಗೆ ಕಳಿಸಬಹುದು, ಆದರೆ ಒಂದು ವರ್ಷದೊಳಗೆ ವಾಪಸ್ ಬರಬೇಕು. ಬರದಿದ್ದರೆ ಕಳಿಸಿದ ದಿನವೇ ಮಾರಿದಿರಿ ಎಂದು ಹಿಡಿದು ತೆರಿಗೆ, ಬಡ್ಡಿ ಎರಡೂ ಬೀಳುತ್ತವೆ. ಬಾಕಿ ಉಳಿದ ರಿಪೇರಿ ಪೀಸು, ಬಿಟ್ಟುಹೋದ ಬಂಡಲ್‌ಗಳೇ ಈ ವರ್ಷದ ಗಡುವನ್ನು ದಾಟುವುದು. ಕಳಿಸಿದ್ದು ಬಂದದ್ದರ ಲೆಕ್ಕವನ್ನು ಐಟಿಸಿ-04 ಫಾರ್ಮಿನಲ್ಲಿ ಹಾಕಬೇಕು. ವಹಿವಾಟು 5 ಕೋಟಿಯೊಳಗಿದ್ದರೆ ವರ್ಷಕ್ಕೊಮ್ಮೆ, ದಾಟಿದ್ದರೆ ಆರು ತಿಂಗಳಿಗೊಮ್ಮೆ. ಹೊಲಿಗೆ ಯೂನಿಟ್ಟಿನಿಂದ ನೇರ ವಾಷಿಂಗಿಗೆ ಕಳಿಸಬಹುದು, ಮೊದಲು ನಿಮ್ಮಲ್ಲಿಗೆ ಬರಲೇಬೇಕೆಂದಿಲ್ಲ. ಆದರೆ ಚಲನ್ ಸರಪಳಿ ತುಂಡಾಗಬಾರದು. ಹಾಗಿದ್ದೂ ನಾವು ನೇರ ಕಳಿಸುವುದಿಲ್ಲ, ಕಾರಣ ಮುಂದೆ ಬರುತ್ತದೆ. ಇನ್ನೊಂದು: ಬಳ್ಳಾರಿಯವರು ಹತ್ತಿರದ ರಾಯದುರ್ಗಕ್ಕೂ ಹೊಲಿಗೆ ಕೊಡುತ್ತಾರೆ. ಅದು ಆಂಧ್ರ. ಊರು ಹತ್ತಿರವಾದರೂ ರಾಜ್ಯ ದಾಟುವ ಜಾಬ್ ವರ್ಕ್ ಮಾಲಿಗೆ ಮೌಲ್ಯ ಎಷ್ಟೇ ಇರಲಿ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಪತ್ರ) ಕಡ್ಡಾಯ. 50,000ದೊಳಗಿನ ಮಾಲಿಗೆ ಬೇಡ ಎಂಬ ಮಾಮೂಲಿ ವಿನಾಯಿತಿ ಅಲ್ಲಿ ನಡೆಯದು. ಬೈಕಿನ ಮೇಲೆ ನಾಲ್ಕು ಬಂಡಲ್ ಹಾಕಿಕೊಂಡು ಹೋಗುವವರು ಸಿಕ್ಕಿಬೀಳುವುದು ಇಲ್ಲೇ.

ಬಂಡಲ್ ಕಟ್ಟುವಲ್ಲಿ ಅರ್ಧ ಜಗಳ ತಪ್ಪಿಸಬಹುದು. ಒಂದು ಥಾನಿನ ನೀಲಿ ಇನ್ನೊಂದು ಥಾನಿನ ನೀಲಿಯಂತೆ ಇರುವುದಿಲ್ಲ. ಕಚ್ಚಾ ಬಟ್ಟೆಯಲ್ಲಿ ಕಣ್ಣಿಗೆ ಕಾಣದು, ವಾಷ್ ಆದಮೇಲೆ ಎಡಗಾಲು ಒಂದು ಬಣ್ಣ, ಬಲಗಾಲು ಒಂದು ಬಣ್ಣ. ಕಟಿಂಗ್ ಟೇಬಲ್ ಮೇಲೆಯೇ ಪ್ರತಿ ಭಾಗಕ್ಕೂ ಥಾನು ನಂಬರು, ಪದರದ ನಂಬರು ಇರುವ ಸ್ಟಿಕ್ಕರ್ ಅಂಟಿಸಿ, ಒಂದೇ ನಂಬರಿನ ಭಾಗಗಳೇ ಒಂದು ಪ್ಯಾಂಟಿಗೆ ಸೇರಬೇಕೆಂದು ವರ್ಕ್ ಆರ್ಡರಿನಲ್ಲಿ ಬರೆಯಬೇಕು. ಸ್ಟಿಕ್ಕರ್ ಕಿತ್ತುಹೋದ ಪೀಸು ಬಂದರೆ ಅದು ಹೊಲಿಗೆಯವರ ಹೊಣೆ. ಸ್ಟಿಕ್ಕರೇ ಅಂಟಿಸದೆ ಕೊಟ್ಟಿದ್ದರೆ ನಿಮ್ಮದು. ದಾರ, ಜಿಪ್, ಗುಂಡಿ, ರಿವೆಟ್ ನೀವೇ ಕೊಡುವುದು ಒಳ್ಳೆಯದು. ಒಂದು ಪ್ಯಾಂಟಿಗೆ ಸುಮಾರು 200 ಮೀಟರ್ ದಾರ ಹೋಗುತ್ತದೆ. ಅವರಿಗೇ ಬಿಟ್ಟರೆ ತೆಳು ದಾರ ಹಾಕುತ್ತಾರೆ, ವಾಷಿಂಗ್ ಡ್ರಮ್ಮಿನಲ್ಲಿ ಬೆಲ್ಟ್ ಲೂಪು, ಕಾಲಿನ ಸಂದು ಬಿಚ್ಚಿಕೊಳ್ಳುತ್ತವೆ. ಬ್ರಾಂಡ್ ಲೇಬಲ್ ಮಾತ್ರ ಎಣಿಸಿಯೇ ಕೊಡಬೇಕು, ಉಳಿದದ್ದನ್ನು ಎಣಿಸಿಯೇ ವಾಪಸ್ ತೆಗೆದುಕೊಳ್ಳಬೇಕು. ಹೆಚ್ಚುವರಿ ಕೊಟ್ಟ ಲೇಬಲ್ ಯಾರದೋ ಬಟ್ಟೆಯ ಮೇಲೆ ಕೂತು ನಿಮ್ಮದೇ ಗಿರಾಕಿಯ ಅಂಗಡಿಗೆ ಕಡಿಮೆ ರೇಟಿಗೆ ಬರುತ್ತದೆ.

ಒಂದು ಯೂನಿಟ್ಟಿಗೆ ಒಂದೇ ಸಲ ಸಾವಿರ ಪೀಸು ಹೇರುವುದಕ್ಕಿಂತ ಎರಡು ಯೂನಿಟ್ಟಿಗೆ ಮುನ್ನೂರು ನಾನೂರರಂತೆ ಕೊಟ್ಟು, ಬಂದ ಮೇಲೆ ಮುಂದಿನದು ಕೊಡುವುದು ಮೇಲು. ಹಬ್ಬದ ಮುಂದೆ ಪೀಸಿಗೆ ಎರಡು ರೂಪಾಯಿ ಜಾಸ್ತಿ ಕೊಡುವ ಇನ್ನೊಬ್ಬ ಬಂದರೆ ನಿಮ್ಮ ಬಂಡಲ್ ಕೆಳಗೆ ಹೋಗಿ ಅವರದು ಮೇಲೆ ಬರುತ್ತದೆ. ಫೋನ್ ಮಾಡಿದರೆ “ನಾಳೆ ಕಳಸ್ತೀನ್ರಿ ಸಾವ್ಕಾರ್ರೇ, ಕಾಜಾ ಅಷ್ಟ ಬಾಕಿ ಐತಿ” ಎಂಬ ಉತ್ತರ. ಸ್ವತಂತ್ರವಾಗಿರುವವನಿಗೆ ಆ ಆಯ್ಕೆ ಇದ್ದೇ ಇರುತ್ತದೆ, ಬೈದು ಪ್ರಯೋಜನವಿಲ್ಲ. ದಂಡದ ಕಲಮು ಬರೆದಿಟ್ಟರೂ ಅದನ್ನು ವಸೂಲಿ ಮಾಡಿದ ದಿನ ಆ ಯೂನಿಟ್ಟಿನವನು ಕೈತಪ್ಪುತ್ತಾನೆ. ಹೇಳಿದ ದಿನಕ್ಕೆ ಬಿಲ್ ಪಾಸು ಮಾಡುವವರ ಮಾಲು ಮೇಲೆ ಇರುತ್ತದೆ, ಇದಕ್ಕಿಂತ ಬೇರೆ ಮದ್ದು ನಮಗೆ ಕಂಡಿಲ್ಲ. ದೊಡ್ಡ ಮುಂಗಡ ಕೊಟ್ಟು ಕಟ್ಟಿಹಾಕುವ ರೂಢಿಯಿಂದ ದೂರವಿರಿ. ಯೂನಿಟ್ಟಿಗೆ ಲಾಟಿನ ಮೇಲೆ ಮುಂಗಡ ಕೊಡುವುದು ವ್ಯಾಪಾರ. ಕೂಲಿಯವನಿಗೆ ಮುಂಗಡ ಕೊಟ್ಟು ‘ತೀರುವವರೆಗೆ ಬೇರೆ ಕಡೆ ಹೋಗಬೇಡ’ ಅಂದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅದಕ್ಕೆ ಬೇರೆ ಹೆಸರಿದೆ.

ಹೊಲಿಗೆಯಿಂದ ನೇರ ವಾಷಿಂಗಿಗೆ ಏಕೆ ಕಳಿಸಬಾರದು ಎಂದರೆ, ತೊಳೆದ ಮೇಲೆ ತೂತು ಬಿದ್ದ ಪ್ಯಾಂಟು ಯಾರದೂ ಅಲ್ಲದ ಕೂಸಾಗುತ್ತದೆ. ಹೊಲಿಗೆಯವರು ‘ಬ್ಲೀಚ್ ಜಾಸ್ತಿ ಆಗೇತಿ’ ಅನ್ನುತ್ತಾರೆ, ವಾಷಿಂಗಿನವರು ‘ಸೂಜಿ ಮೊಂಡ ಇತ್ತು’ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ, ಕಷ್ಟ ಅದೇ. ಮೊಂಡ ಸೂಜಿ ನೂಲನ್ನು ಕಡಿಯುತ್ತದೆ, ಅದು ವಾಷಿನಲ್ಲಿ ಬಾಯಿ ಬಿಡುತ್ತದೆ. ಆ ತೂತುಗಳು ಹೊಲಿಗೆಯ ಗೆರೆಗುಂಟ ಸಾಲಾಗಿರುತ್ತವೆ. ಬ್ಲೀಚ್ ಮಾಡಿದ ಮೇಲೆ ಸರಿಯಾಗಿ ನ್ಯೂಟ್ರಲೈಸ್ ಮಾಡದಿದ್ದರೆ ಬಟ್ಟೆಯೇ ಸತ್ತು, ಎಲ್ಲಿ ಎಳೆದರೂ ಹರಿಯುತ್ತದೆ, ಜೇಬಿನ ಅಂಚಿನಲ್ಲಿ ಮೊದಲು. ಹಾಗಾಗಿ ಮಾಲು ನಡುವೆ ಒಮ್ಮೆ ನಮ್ಮ ಟೇಬಲ್ ಹಾಯ್ದೇ ಹೋಗುತ್ತದೆ: ಎಣಿಕೆ, ಸೊಂಟ, ಉದ್ದ, ಸಂದಿನ ಹೊಲಿಗೆ. ಆ ತಪಾಸಣೆ ಚೀಟಿಗೆ ಹೊಲಿಗೆಯವರ ಸಹಿ, ಆಮೇಲೆ ವಾಷಿಂಗಿನವರ ಸಹಿ.

ಅಳತೆ ತಪ್ಪುವ ಜಗಳವನ್ನು ಕತ್ತರಿಸುವ ಮೊದಲೇ ಮುಗಿಸಬೇಕು. ಪ್ರತಿ ಥಾನಿನ ತುದಿಯಿಂದ ಒಂದು ತುಂಡು ತೆಗೆದು, ಅದರ ಮೇಲೆ 50 ಸೆಂ.ಮೀ. ಚೌಕ ಗುರುತು ಹಾಕಿ, ಯಾವ ವಾಷ್ ಬರಲಿದೆಯೋ ಅದೇ ವಾಷಿನಲ್ಲಿ ತೊಳೆಸಬೇಕು. 50 ಇದ್ದದ್ದು 47 ಆದರೆ ಶೇ 6 ಕುಗ್ಗಿತು. ಲೈಕ್ರಾ ಇರುವ ಡೆನಿಮ್ ಹಾಸಿಗಿಂತ ಹೊಕ್ಕಿನ ಕಡೆ ಹೆಚ್ಚು ಕುಗ್ಗುತ್ತದೆ, ಸೊಂಟ ಬಿಗಿಯಾಗುವುದು ಅದಕ್ಕೇ. ಬೇರೆ ಬೇರೆ ಕುಗ್ಗುವಿಕೆಯ ಥಾನುಗಳನ್ನು ಒಂದೇ ಪ್ಯಾಟರ್ನಿನಲ್ಲಿ ಕತ್ತರಿಸಿ, ಆಮೇಲೆ 32ರ ಪ್ಯಾಂಟು 31 ಆಯಿತೆಂದು ಹೊಲಿಗೆಯವರ ಬಿಲ್ಲಿನಲ್ಲಿ ಕಡಿಯುವುದು ಅನ್ಯಾಯ.

ವಾಷಿಂಗ್ ಯೂನಿಟ್ ಆರಿಸುವಾಗ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ನಕಲು, ಅದರ ಅವಧಿ ಮುಗಿಯುವ ದಿನ ನೋಡಿ. ಮುಚ್ಚುವ ಆದೇಶ ಬಂದು ಕರೆಂಟ್ ಕಡಿದರೆ ನಿಮ್ಮ ಒದ್ದೆ ಮಾಲು ಒಳಗೇ ಉಳಿಯುತ್ತದೆ. ಇನ್ನೂ ಒಂದು, ನಿಮ್ಮ ಬೆಂಕಿ ವಿಮೆ ಪಾಲಿಸಿಯಲ್ಲಿ ಬರೆದ ವಿಳಾಸಕ್ಕೆ ಮಾತ್ರ ಅನ್ವಯ. ಜಾಬ್ ವರ್ಕ್ ಜಾಗಗಳ ವಿಳಾಸವನ್ನೂ ಸೇರಿಸಿಕೊಳ್ಳಬೇಕು.

ಬಟವಾಡೆ ಬೇರೆ, ಬಿಲ್ಲು ಬೇರೆ. ಪ್ರತಿ ಶನಿವಾರ ಹಾಜರಿ ನೋಡಿ ಕೈಗೆ ನೋಟು ಎಣಿಸಿದರೆ ಅದು ಕೂಲಿ. ಗುತ್ತಿಗೆದಾರನಿಂದ ಲಾಟ್ ನಂಬರು ಹಾಕಿದ ಬಿಲ್ ಬರಬೇಕು, ಹಣ ಬ್ಯಾಂಕಿನಿಂದ ಹೋಗಬೇಕು. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದು ಖರ್ಚೇ ಅಲ್ಲ. ಲೆಕ್ಕಕ್ಕೆ ಪೀಸಿಗೆ 60 ರೂಪಾಯಿ ಹಿಡಿಯೋಣ. ಸಾವಿರ ಪೀಸಿಗೆ 60,000; ಯೂನಿಟ್ ಜಿಎಸ್‌ಟಿ ನೋಂದಾಯಿತವಾಗಿದ್ದರೆ ಬಟ್ಟೆ ಜಾಬ್ ವರ್ಕಿಗೆ ಶೇ 5, ಅಂದರೆ 3,000 ಸೇರಿ ಬಿಲ್ 63,000. ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಜಿಎಸ್‌ಟಿ ಬಿಟ್ಟು 60,000ದ ಮೇಲೆ: ಒಬ್ಬನೇ ಮಾಲೀಕನ ಯೂನಿಟ್ಟಾದರೆ ಶೇ 1, 600 ರೂಪಾಯಿ, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ 2, 1,200. ಪ್ಯಾನ್ ಕೊಡದಿದ್ದರೆ ಶೇ 20. ಒಂದು ಬಿಲ್ 30,000 ದಾಟಿದರೆ, ಇಲ್ಲವೇ ವರ್ಷದ ಒಟ್ಟು ಒಂದು ಲಕ್ಷ ದಾಟಿದರೆ ಕಡಿತ ಶುರು. ಸಣ್ಣ ಸಣ್ಣ ಬಿಲ್ ಎಂದು ಸುಮ್ಮನಿದ್ದವರಿಗೆ ಲಕ್ಷ ದಾಟಿದಾಗ ಮೊದಲಿನಿಂದ ಕೊಟ್ಟದ್ದೆಲ್ಲದರ ಮೇಲೆ ಕಡಿಯಬೇಕಾಗುತ್ತದೆ. ನೀವೇ ವೈಯಕ್ತಿಕ ಮಾಲೀಕರಾಗಿದ್ದು ಹಿಂದಿನ ವರ್ಷದ ವಹಿವಾಟು ಒಂದು ಕೋಟಿಯೊಳಗಿದ್ದರೆ ಈ ಗೊಡವೆಯಿಲ್ಲ. ಕಡಿದ ಹಣ ಮುಂದಿನ ತಿಂಗಳ 7ರೊಳಗೆ, ಮಾರ್ಚಿನದು ಏಪ್ರಿಲ್ 30ರೊಳಗೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್, ತಡವಾದರೆ ದಿನಕ್ಕೆ 200. ಕಡಿಯದೇ ಬಿಟ್ಟರೆ ಆ ಖರ್ಚಿನ ಶೇ 30ನ್ನು ಒಪ್ಪುವುದಿಲ್ಲ. ಎಲ್ಲರ ಬಾಯಲ್ಲಿ ಈ ಟಿಡಿಎಸ್ ಇನ್ನೂ ಹಳೇ ಕಾಯ್ದೆಯ ಸೆಕ್ಷನ್ 194ಸಿ; 2026ರ ಏಪ್ರಿಲ್ 1ರಿಂದ ಜಾರಿಯ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ 393ನೇ ಸೆಕ್ಷನ್.

ಹೊಲಿಗೆಯವನ ಹತ್ತಿರ ಉದ್ಯಮ್ ನೋಂದಣಿ ಇದ್ದರೆ ಹಣವನ್ನು ಎಳೆದಾಡುವಂತಿಲ್ಲ. ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಮಾರ್ಚ್ 31ಕ್ಕೆ ಗಡುವು ಮೀರಿದ ಬಾಕಿ ಉಳಿದಿದ್ದರೆ ಆ ವರ್ಷದ ಖರ್ಚಿನಲ್ಲಿ ಅದು ಸೇರುವುದಿಲ್ಲ, ಲಾಭ ಉಬ್ಬಿ ತೆರಿಗೆ ನಿಮಗೇ. ಅಂಗಡಿಯವರು ನಮಗೆ 90 ದಿನಕ್ಕೆ ಕೊಡುತ್ತಾರೆ, ನಾವು 45ಕ್ಕೆ ಕೊಡಬೇಕು. ಈ ನಡುವಿನ ಬಂಡವಾಳ ಇಲ್ಲದೆ ಜಾಬ್ ವರ್ಕ್ ಶುರು ಮಾಡಬಾರದು.

ಉಳಿದ ಕೆಲಸಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮಷಿನ್ ಮೆಕ್ಯಾನಿಕ್, ಸಿಎ, ಕ್ಯಾಟಲಾಗ್ ಫೋಟೊ ತೆಗೆಯುವವನು ಹತ್ತು ಕಡೆ ಹೋಗುವವರು, ಗುತ್ತಿಗೆಯೇ ಸರಿ. ಸ್ವಂತ ಟಾಟಾ ಏಸ್ ಇರುವವನು ಹತ್ತು ಗಾಡಿ ಮೀರದೆ, ಪ್ಯಾನ್ ಸಹಿತ ಹೇಳಿಕೆ ಬರೆದುಕೊಟ್ಟರೆ ಟಿಡಿಎಸ್ ಕೂಡ ಬೇಡ. ಕಟಿಂಗ್ ಮಾಸ್ಟರ್ ಮಾತ್ರ ನಿಮ್ಮ ಟೇಬಲ್ ಮೇಲೆ, ನಿಮ್ಮ ಬಟ್ಟೆಯನ್ನು, ನೀವು ಹೇಳಿದ ಹೊತ್ತಿಗೆ ಕತ್ತರಿಸುವವನು. ಅವನು ನೌಕರನೇ, ಸುತ್ತಿಬಳಸಿ ಹೆಸರಿಡುವುದು ಬೇಡ.

ತೀರಾ ತೊಡಕಿನದು ದಾರ ಕತ್ತರಿಸುವ ಹೆಂಗಸರ ವಿಷಯ. ಮನೆಗೆ ಬಂಡಲ್ ಒಯ್ದು, ಪೀಸಿಗೆ ಇಷ್ಟು ಎಂದು ಕತ್ತರಿಸಿ ತರುತ್ತಾರೆ. ಸ್ವಂತದ್ದೆಂದರೆ ಒಂದು ಕತ್ತರಿ. ಬೇರೆ ಗಿರಾಕಿಯಿಲ್ಲ, ದರ ಮಾತಾಡುವ ಶಕ್ತಿಯಿಲ್ಲ. ಮನೆಯಲ್ಲಿ ಬೀಡಿ ಕಟ್ಟುವವರೂ ಪಿಎಫ್ ಕಾಯ್ದೆಯ ದೃಷ್ಟಿಯಲ್ಲಿ ನೌಕರರೇ ಎಂದು ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೆಚ್ಚುಕಡಿಮೆ ಇದೇ ಸ್ಥಿತಿಯವರ ಬಗ್ಗೆ. ಬೀಡಿ ತಿರಸ್ಕರಿಸುವ ಹಕ್ಕು ಮಾಲೀಕನ ಕೈಯಲ್ಲಿತ್ತು ಎನ್ನುವುದೇ ಅಲ್ಲೂ ಆಧಾರ. ಹೀಗಾಗಿ ನಾವು ಆ ಕೆಲಸವನ್ನು ಮನೆಗಳಿಂದ ಚೆಕಿಂಗ್ ಟೇಬಲ್ ಪಕ್ಕಕ್ಕೆ ತಂದು, ಕತ್ತರಿಸುವವರನ್ನು ರೋಲಿಗೆ ಸೇರಿಸಿಕೊಂಡಿದ್ದೇವೆ. ಒಳಗಿನ ತಲೆ ಹತ್ತು ದಾಟಿದ್ದರಿಂದ ಇಎಸ್‌ಐ ನೋಂದಣಿ ಮಾಡಿಸಬೇಕಾಯಿತು. ಪೀಸಿನ ದರ ಹಾಗೇ ಇದೆ, ಆದರೆ ದಿನದ ಕನಿಷ್ಠ ಕೂಲಿಗೆ ಕಡಿಮೆ ಬಿದ್ದ ದಿನ ವ್ಯತ್ಯಾಸವನ್ನು ಸೇರಿಸಿ ಬರೆಯುತ್ತೇವೆ.